ಹಳೇ ಮ್ಯಾನ್ಯುಯಲ್ ಲೆನ್ಸ್: ಎಂಟು ಸಾವಿರದೊಳಗೆ ಯಾವುದು ತಗೊಳ್ಳೋದು, ಏನು ನೋಡಿ ತಗೊಳ್ಳೋದು?

ತುಂಗಾತೀರ · ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೋನಿ ಎ6000 (ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದೆ, ಜೊತೆಗೆ ಬಂದ 16–50 ಕಿಟ್ ಲೆನ್ಸ್ ಬಿಟ್ಟರೆ ಬೇರೇನಿಲ್ಲ. ಮನೆಮಂದಿಯ ಪೋರ್ಟ್ರೇಟು, ತೋಟದ ಹೂವು, ಹುಳ-ಹುಪ್ಪಟೆ ತೆಗೆಯೋದು ಇಷ್ಟ. ಹಿನ್ನೆಲೆ ಮಸುಕಾಗಬೇಕು ಅಂದರೆ ಕಿಟ್ ಲೆನ್ಸಿನಲ್ಲಿ ಆಗೋದಿಲ್ಲ, ಸೋನಿಯ ಹೊಸ ಎಫ್/1.8 (ಈ ಅಂಕಿ ಕಡಿಮೆ ಇದ್ದಷ್ಟೂ ಲೆನ್ಸಿನ ಬಾಯಿ ದೊಡ್ಡದಾಗಿ ತೆರೆಯುತ್ತೆ) ಲೆನ್ಸಿಗೆ ಕೈಯಲ್ಲಿ ದುಡ್ಡಿಲ್ಲ. ಅಡಾಪ್ಟರ್ ಸೇರಿಸಿ ಎಂಟು ಸಾವಿರದವರೆಗೆ ಹೊಂದಿಸಬಲ್ಲೆ.

ಎರಡು ದಾರಿ ಕಾಣ್ತಿದೆ. ಒಂದು, ಆನ್‌ಲೈನ್‌ನಲ್ಲಿ ಹೀಲಿಯೋಸ್ 44-2 ಅನ್ನುವ ಹಳೇ ಸೋವಿಯತ್ ಲೆನ್ಸ್. ಆರೂವರೆ ಸಾವಿರ ಹೇಳ್ತಿದ್ದಾರೆ, 'ಮಿಂಟ್ ಕಂಡೀಷನ್' ಅಂತ ಬರೆದಿದ್ದಾರೆ. ಇನ್ನೊಂದು, ಕೊಪ್ಪದಲ್ಲಿ ಪರಿಚಯದವರೊಬ್ಬರು ಸ್ಟುಡಿಯೋ ಮುಚ್ತಿದ್ದಾರೆ. ಅವರ ಹತ್ತಿರ ಯಾಶಿಕಾ ಎಫ್‌ಎಕ್ಸ್-3 ಕ್ಯಾಮೆರಾ, ಅದರ 50 ಎಂಎಂ ಲೆನ್ಸು, ಒಂದು 135 ಎಂಎಂ ಇವೆ. ಎಲ್ಲ ಸೇರಿ ಮೂರು ಸಾವಿರ ಕೊಡು ಅಂದಿದ್ದಾರೆ. ಯಾವುದು ಒಳ್ಳೇದು? ನಮ್ಮ ಕಡೆ ಮಳೆಗೆ ಇವನ್ನೆಲ್ಲ ಇಟ್ಟುಕೊಳ್ಳೋಕೆ ಆಗುತ್ತಾ?

ಪ್ರಿಸ್ಮ್ · ಬೆಂಗಳೂರು

ಎ6000 ಇದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಲೆನ್ಸಿನ ಮೌಂಟಿನಿಂದ (ಲೆನ್ಸ್ ಕೂರುವ ಬಾಯಿಯಿಂದ) ಫಿಲ್ಮಿಗೆ ಅಥವಾ ಸೆನ್ಸರಿಗೆ ಇರುವ ಅಂತರ ಪ್ರತಿ ಕಂಪನಿಗೂ ಬೇರೆ ಬೇರೆ. ಹಳೇ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಮಧ್ಯೆ ಕನ್ನಡಿ ತಿರುಗಬೇಕಿತ್ತಲ್ಲ, ಹಾಗಾಗಿ ಆ ಅಂತರ ಜಾಸ್ತಿ. ಎಂ42 (ತಿರುಪಿನ ಮೌಂಟ್, ಹೀಲಿಯೋಸಿನದ್ದು ಇದೇ) ಮತ್ತು ಪೆಂಟಾಕ್ಸ್ ಕೆ ಎರಡಕ್ಕೂ 45.46 ಎಂಎಂ, ನಿಕಾನ್ ಎಫ್‌ಗೆ 46.5, ಒಲಿಂಪಸ್ ಒಎಂಗೆ 46, ಮಿನೋಲ್ಟಾಗೆ 43.5, ಕ್ಯಾನನ್ ಎಫ್‌ಡಿಗೆ 42, ನಿಮ್ಮ ಯಾಶಿಕಾಗೆ 45.5. ಸೋನಿ ಇ ಮೌಂಟಿಗೆ ಬರೀ 18 ಎಂಎಂ. ಉಳಿದ ಜಾಗ ತುಂಬೋಕೆ ಒಂದು ಲೋಹದ ಕೊಳವೆ ಸಾಕು. ಅಡಾಪ್ಟರ್ ಅಂದರೆ ಅಷ್ಟೇ, ಒಳಗೆ ಗಾಜಿಲ್ಲ, ವೈರಿಂಗ್ ಇಲ್ಲ. ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತೆ.

ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಇರೋರು ಈ ಲೆಕ್ಕ ಹಾಕದೆ ತಗೊಳ್ಳಬಾರದು. ಕ್ಯಾನನ್ ಇಎಫ್ ಮೌಂಟಿಗೆ 44 ಎಂಎಂ, ಅದರ ಮೇಲೆ ಎಂ42 ಲೆನ್ಸ್ ಆರಾಮಾಗಿ ಕೂರುತ್ತೆ. ಕ್ಯಾನನ್ನಿನದೇ ಹಳೇ ಎಫ್‌ಡಿ ಲೆನ್ಸ್ ಮಾತ್ರ ಕೂರೋದಿಲ್ಲ. ಕೂರಿಸಿದರೂ ದೂರದ್ದು ಫೋಕಸ್ ಆಗೋದಿಲ್ಲ, ನಡುವೆ ಗಾಜಿರುವ ಅಡಾಪ್ಟರ್ ಬೇಕು, ಆ ಗಾಜು ಚಿತ್ರ ಕೆಡಿಸುತ್ತೆ. ನಿಕಾನ್ ಡಿಎಸ್‌ಎಲ್‌ಆರ್ ಮೇಲೆ ಎಂ42 ಹಾಕಿದರೂ ಇದೇ ಗತಿ. ಮಿರರ್‌ಲೆಸ್ ಇದ್ದವರಿಗೆ ಈ ತಲೆನೋವಿಲ್ಲ.

ನನ್ನ ವೋಟು ಕೊಪ್ಪದ ಯಾಶಿಕಾಗೆ, ಕಣ್ಣಾರೆ ನೋಡಿ ತಗೊಳ್ಳೋಕೆ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ.

ರಿಪೇರಿ_ಹುಬ್ಬಳ್ಳಿ

ಪ್ರಿಸ್ಮ್ ಅವ್ರು ಹೇಳಿದ್ದು ಖರೇ ಅದ. ಲೆನ್ಸಿನ ಹೆಸರು ಆಮ್ಯಾಲ ನೋಡ್ರಿ, ಮೊದ್ಲ ಮೊಬೈಲ್ ಟಾರ್ಚ್ ತೊಗೊಂಡು ಹೋಗ್ರಿ.

ಹಿಂದ-ಮುಂದ ಎರಡೂ ಕ್ಯಾಪ್ ತಗೀರಿ. ಅಪರ್ಚರ್ (ಬೆಳಕು ಒಳಗ ಬಿಡೋ ಕಿಂಡಿ) ಪೂರ್ತಿ ತೆರೀರಿ. ಟಾರ್ಚ್ ಒಂದು ಕಡಿಂದ ಹಿಡದು ಇನ್ನೊಂದು ಕಡಿಂದ ಓರೆಯಾಗಿ ನೋಡ್ರಿ. ನೆಟ್ಟಗ ನೋಡಿದ್ರ ಬೆಳಕಷ್ಟ ಕಣ್ಣಿಗೆ ಹೊಡಿತದ, ಒಳಗಿಂದು ಏನೂ ಕಾಣಂಗಿಲ್ಲ. ಜೇಡರ ಬಲಿ ಹಂಗ ಎಳಿ ಎಳಿ ಕಂಡ್ರ ಅದು ಫಂಗಸ್. ಗಾಜಿನ ಅಂಚಿಗೆ ಎಣ್ಣಿ ಬಿದ್ದಾಗ ಕಾಣೋ ಬಣ್ಣದಂಥದು ಕಂಡ್ರ ಎರಡು ಗಾಜು ಅಂಟಿಸಿದ್ದು ಬಿಡಾಕತ್ತದ ಅಂತ ತಿಳೀರಿ. ಅಂಥಾದ್ದು ಬಿಟ್ಟು ಬಿಡ್ರಿ, ಅದನ್ನ ಸರಿ ಮಾಡೋ ಖರ್ಚಿನಾಗ ಇನ್ನೊಂದು ಲೆನ್ಸ್ ಬರತದ. ಪೂರ್ತಿ ಮಂಜು ಕವಿದಂಗಿದ್ರ ಹೇಜ್. ಒಳಗಿನ ಗ್ರೀಸ್ ಆವಿ ಆಗಿ ಗಾಜಿನ ಮ್ಯಾಲ ಕುಂತಿರತದ, ಬಹಳಷ್ಟು ಸಲ ಒರೆಸಿದ್ರ ಹೋಗತದ. ನಾಲ್ಕು ಧೂಳಿನ ಕಣ ಇದ್ರ ಚಿಂತಿ ಬ್ಯಾಡ, ಚಿತ್ರದಾಗ ಕಾಣಂಗಿಲ್ಲ. ಮುಂದಿನ ಗಾಜಿನ ಮ್ಯಾಲಿನ ಸಣ್ಣ ಗೀರಿಗೂ ಅಂಜಬ್ಯಾಡ್ರಿ. ಹಿಂದಿನ ಗಾಜಿಗೆ ಗೀರು ಬಿದ್ದಿದ್ರ ಮಾತ್ರ ವಿಚಾರ ಮಾಡ್ರಿ.

ಆಮ್ಯಾಲ ಅಪರ್ಚರ್ ಬ್ಲೇಡ್. ರಿಂಗ್ ಎಫ್/16ಕ್ಕ ಇಟ್ಟು ಹಿಂದಿರೋ ಪಿನ್ ಅಥವಾ ಲಿವರ್ ಬೆರಳಿಂದ ಒತ್ತಿ ಬಿಡ್ರಿ. ಟಕ್ ಅಂತ ಮುಚ್ಚಿ ಟಕ್ ಅಂತ ತೆರಿಬೇಕು. ನಿಧಾನ ಸರದ್ರ ಬ್ಲೇಡಿಗೆ ಎಣ್ಣಿ ಇಳಿದದ. ಇದು ರಿಪೇರಿ ಆಗೋ ಕೆಲಸ, ರೇಟ್ ಇಳಿಸಿ ಕೇಳ್ರಿ ಅಷ್ಟ. ಫೋಕಸ್ ರಿಂಗ್ ಈ ತುದಿಯಿಂದ ಆ ತುದಿವರೆಗೆ ತಿರುಗಿಸ್ರಿ. ಬಿಗಿ ಇದ್ರ ಗ್ರೀಸ್ ಒಣಗಿರತದ. ನಡುವ ಒಂದ ಕಡೆ ಕಚ್ಚಿ ನಿಂತ್ರ ಲೆನ್ಸ್ ಬಿದ್ದಿರಬಹುದು, ಫಿಲ್ಟರ್ ರಿಂಗ್ ತಗ್ಗಾಗೇದೇನು ನೋಡ್ರಿ.

ಆನ್‌ಲೈನ್ 'ಮಿಂಟ್' ಅಂದ್ರ ಹೊರಗಿನ ಬಣ್ಣ ಛಲೋ ಅದ ಅಂತ ಅರ್ಥ. ಟಾರ್ಚ್ ಹಾಕಿ ತೆಗೆದ ಫೋಟೋ ಕೇಳ್ರಿ. ಕೊಡ್ತೀನಿ ಅಂದವ್ರ ಕೂಡ ಮುಂದಿನ ಮಾತು.

ಕಡಲಕರೆ · ಉಡುಪಿ

ರಿಪೇರಿ ಸರ್, ಇದನ್ನು ಯಾರಾದರೂ ಮೊದಲೇ ಹೀಗೆ ಬಿಡಿಸಿ ಹೇಳಬೇಕಿತ್ತು. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು 135 ಎಂಎಂ ಲೆನ್ಸಿನ ಒಳಗಿನ ಗಾಜಿಗೆ ಪೂರ್ತಿ ಬೂಷ್ಟು ಹಿಡಿದಿತ್ತು. ಮಾರಿದವರು ವಾಪಸ್ ತಗೊಳ್ಳಲೇ ಇಲ್ಲ.

ತುಂಗಾತೀರ ಅವರೇ, ಮಳೆಯ ವಿಷಯ ನಾನು ಹೇಳ್ತೇನೆ, ನಮ್ಮಲ್ಲಿಯೂ ಅದೇ ಕತೆ ಉಂಟಲ್ಲ. ಬೂಷ್ಟಿಗೆ ತೇವ ಬೇಕು, ಕತ್ತಲೆ ಬೇಕು, ಗಾಳಿ ಆಡದ ಜಾಗ ಬೇಕು. ಕಪಾಟಿನೊಳಗೆ ಬಟ್ಟೆಯ ಪಕ್ಕ ಇಟ್ಟರೆ ಮೂರೂ ಒಟ್ಟಿಗೆ ಸಿಕ್ಕಿದ ಹಾಗೆ. ಡ್ರೈ ಕ್ಯಾಬಿನೆಟ್ ತಗೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಅಡುಗೆಮನೆಗೆ ತರುವ ರಬ್ಬರ್ ಸೀಲಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವುದು). ಅದರ ಅಂಕಿ 40ರಿಂದ 50 ಶೇಕಡದ ಮಧ್ಯೆ ಇರಬೇಕು, 60 ದಾಟಬಾರದು. ತೀರಾ 30ಕ್ಕೆ ಇಳಿಸಲೂ ಬೇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ಕುಡಿದು ತುಂಬಿತು ಅಂತ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ ಆಗ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಅಕ್ಕಿ ಹಾಕಿಡಿ ಅಂತ ಹೇಳುವವರಿದ್ದಾರೆ, ಬೇಡವೇ ಬೇಡ ಮಾರಾಯ್ರೆ, ಹಿಟ್ಟಿನ ಧೂಳು ರಿಂಗಿನೊಳಗೆ ಹೋಗ್ತದೆ.

ಹಳೇ ಲೆನ್ಸಿನ ಜೊತೆ ಬರುವ ಚರ್ಮದ ಚೀಲ ನೋಡಲಿಕ್ಕೆ ಎಷ್ಟು ಚಂದ ಇದ್ದರೂ ಲೆನ್ಸನ್ನು ಅದರಲ್ಲಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ತದೆ, ಬೂಷ್ಟು ಅಲ್ಲಿಂದಲೇ ಗಾಜಿಗೆ ಹತ್ತುವುದು.

ಎಲ್ಬೆದಂಡೆ · ಡ್ರೆಸ್ಡೆನ್, ಜರ್ಮನಿ

ಹೀಲಿಯೋಸ್ ಮಾತು ಬಂತಲ್ಲ, ನಾನಿರುವ ಊರಿಗೂ ಅದಕ್ಕೂ ನಂಟಿದೆ. 1949ರಲ್ಲಿ ಕಾಂಟಾಕ್ಸ್ ಎಸ್ ಅನ್ನುವ ಕ್ಯಾಮೆರಾ ಡ್ರೆಸ್ಡೆನ್‌ನಲ್ಲೇ ತಯಾರಾಯಿತು. ಎಂ42, ಅಂದರೆ 42 ಎಂಎಂ ವ್ಯಾಸ, 1 ಎಂಎಂ ಪಿಚ್ಚಿನ ತಿರುಪಿನ ಮೌಂಟ್, ಅದರ ಜೊತೆ ಪೇಟೆಗೆ ಬಂತು. ಆಮೇಲೆ ಪ್ರಾಕ್ಟಿಕಾ, ಪೆಂಟಾಕ್ಸ್, ಝೆನಿಟ್ ಕ್ಯಾಮೆರಾಗಳೆಲ್ಲ ಅದನ್ನೇ ಬಳಸಿದವು. ಯಾವ ದೇಶದ ಎಂ42 ಲೆನ್ಸ್ ತಂದರೂ ಒಂದೇ ಅಡಾಪ್ಟರ್ ಸಾಕಾಗುವುದು ಅದಕ್ಕೇ.

ಹೀಲಿಯೋಸ್ 44ರ ಮೂಲ ಝೈಸ್ ಕಂಪನಿಯ ಬಯೋಟಾರ್ 58 ಎಂಎಂ ಎಫ್/2. ಬಯೋಟಾರ್ ವಿನ್ಯಾಸ ವಿಲ್ಲಿ ಮೆರ್ಟೆ 1927ರಲ್ಲಿ ಮಾಡಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಹೀಲಿಯೋಸ್ ಹೆಸರಲ್ಲಿ ತಯಾರಿಸಿತು. ಝೆನಿಟ್ ಜೊತೆ ಕೊಡುತ್ತಿದ್ದ ಮಾಮೂಲಿ ಕಿಟ್ ಲೆನ್ಸ್ ಇದು. ತಯಾರಾದ ಸಂಖ್ಯೆ ಬಹಳ ದೊಡ್ಡದು, ಅಪರೂಪದ್ದಂತೂ ಖಂಡಿತ ಅಲ್ಲ. ಅಪರೂಪ ಅಂತ ಹೇಳಿ ಬೆಲೆ ಏರಿಸಿದರೆ ಕೊಳ್ಳಬೇಡಿ.

ನನಗೆ ಹೀಲಿಯೋಸಿಗಿಂತ ಇಲ್ಲಿನ ಪೆಂಟಾಕಾನ್ 50 ಎಂಎಂ ಎಫ್/1.8 ಇಷ್ಟ. ಗೊರ್ಲಿಟ್ಸ್ ಊರಿನ ಮೇಯರ್ ಕಂಪನಿ 'ಒರೆಸ್ಟಾನ್' ಅಂತ ಮಾಡುತ್ತಿದ್ದುದು, ಆ ಕಂಪನಿ 1968ರಲ್ಲಿ ಪೆಂಟಾಕಾನ್‌ಗೆ ಸೇರಿದ ಮೇಲೆ ಹೆಸರು ಬದಲಾಯಿತು. 33 ಸೆಂಟಿಮೀಟರ್‌ವರೆಗೆ ಹತ್ತಿರ ಫೋಕಸ್ ಮಾಡುತ್ತೆ, ಹೂವು ತೆಗೆಯುವವರಿಗೆ ಬಹಳ ಉಪಯೋಗ. ಬ್ಲೇಡಿಗೆ ಎಣ್ಣೆ ಇಳಿಯುವುದು ಈ ಲೆನ್ಸಿನ ಹುಟ್ಟುಗುಣ, ರಿಪೇರಿ ಸರ್ ಹೇಳಿದ ಪಿನ್ ಪರೀಕ್ಷೆ ಮಾಡಿಯೇ ತಗೊಳ್ಳಿ. ಶನಿವಾರ ಎಲ್ಬೆ ನದಿ ದಂಡೆಯ ಹಳೇ ಸಾಮಾನಿನ ಸಂತೆಯಲ್ಲಿ ಇವು ಪ್ರಾಕ್ಟಿಕಾ ಕ್ಯಾಮೆರಾದ ಜೊತೆಗೇ ಸಿಗುತ್ತವೆ. ಎಷ್ಟೋ ಸಲ ಕ್ಯಾಮೆರಾ ಸಮೇತ ಕೊಂಡರೂ ಬಿಡಿ ಲೆನ್ಸಿಗಿಂತ ಅಗ್ಗ.

ಯಾರಾದರೂ 'ಔಸ್ ಯೇನಾ' ಅಂತ ಬರೆದ, ಝೈಸ್ ಹೆಸರೇ ಇಲ್ಲದ ಲೆನ್ಸ್ ತೋರಿಸಿದರೆ ನಕಲಿ ಅಂದುಕೊಳ್ಳಬೇಡಿ. ಪೂರ್ವ, ಪಶ್ಚಿಮ ಜರ್ಮನಿಯ ಝೈಸ್ ಕಂಪನಿಗಳ ನಡುವೆ ಹೆಸರಿನ ವ್ಯಾಜ್ಯ ಇತ್ತು, ಪಶ್ಚಿಮದ ದೇಶಗಳಿಗೆ ಕಳಿಸುವ ಲೆನ್ಸುಗಳ ಮೇಲೆ ಪೂರ್ವದವರು ಝೈಸ್ ಅಂತ ಬರೆಯುವಂತಿರಲಿಲ್ಲ. ಒಳಗಿನ ಗಾಜು ಅದೇ.

ತುಂಗಾತೀರ · ತೀರ್ಥಹಳ್ಳಿ

ಇಷ್ಟೆಲ್ಲ ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಎಲ್ಬೆದಂಡೆ ಅಣ್ಣ, ಹೀಲಿಯೋಸ್ ಮೇಲೆ ಮನಸ್ಸಾಗಿದ್ದು ಆ ಸುಳಿಯ ಹಾಗೆ ತಿರುಗುವ ಹಿನ್ನೆಲೆ ನೋಡಿ. ಅದು ಎ6000ದಲ್ಲೂ ಬರುತ್ತಲ್ಲ?

ಪ್ರಿಸ್ಮ್ · ಬೆಂಗಳೂರು

ಬರುತ್ತೆ, ನೀವು ಫೋಟೋಗಳಲ್ಲಿ ನೋಡಿದಷ್ಟು ಬರೋದಿಲ್ಲ. ಆ ಸುಳಿ ಹುಟ್ಟೋದು ಚಿತ್ರದ ಅಂಚಿನಲ್ಲಿ. ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಕೊಳವೆಯೇ ಅಡ್ಡವಾಗಿ, ದುಂಡಗಿರಬೇಕಾದ ಮಸುಕು ಚುಕ್ಕೆ ಬಾದಾಮಿ ಆಕಾರಕ್ಕೆ ಬರುತ್ತೆ. ಅಂಥ ಚುಕ್ಕೆಗಳು ನಡುವಿನ ಸುತ್ತ ಸಾಲಾಗಿ ನಿಂತಾಗ ತಿರುಗಿದಂತೆ ಕಾಣುತ್ತೆ. ಎ6000ದ ಎಪಿಎಸ್-ಸಿ (ಫಿಲ್ಮಿಗಿಂತ ಸಣ್ಣ ಅಳತೆಯ) ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತೆ. ಉಳಿದಷ್ಟು ಸಿಗಬೇಕಾದರೆ ಎಫ್/2ರಲ್ಲೇ ಇಡಿ, ಮನುಷ್ಯರನ್ನು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ, ಹಿಂದೆ ನಾಲ್ಕೈದು ಮೀಟರ್ ಆಚೆ ಬಿಸಿಲು ತೂರಿಬರುವ ಎಲೆಗಳಿರಲಿ. ಖಾಲಿ ಗೋಡೆಯ ಮುಂದೆ ಯಾವ ಲೆನ್ಸ್ ಹಾಕಿದರೂ ಸುಳಿ ಬರೋದಿಲ್ಲ.

ಕ್ರಾಪ್ ಲೆಕ್ಕವನ್ನೂ (ಸಣ್ಣ ಸೆನ್ಸರಿಗೆ ಒಂದೂವರೆ ಪಟ್ಟು) ಗಮನದಲ್ಲಿಡಿ: 50 ಎಂಎಂ ನಿಮಗೆ 75ರ ನೋಟ ಕೊಡುತ್ತೆ, 58 ಎಂಎಂ 87ರದ್ದು, 135 ಎಂಎಂ ಹೆಚ್ಚುಕಡಿಮೆ 200ರದ್ದು. ಪೋರ್ಟ್ರೇಟಿಗೆ 50 ಸರಿಯಾಗಿದೆ.

ಮೈಸೂರು_ಸ್ಟುಡಿಯೋ

ಯಾಶಿಕಾ ಎಫ್‌ಎಕ್ಸ್-3 ನಾನು ಸ್ಟುಡಿಯೋದಲ್ಲಿ ವರ್ಷಾನುಗಟ್ಟಲೆ ಬಳಸಿದ ಕ್ಯಾಮೆರಾ. 50 ಎಂಎಂ ಲೆನ್ಸಿನ ಮುಂದೆ ಬರೆದಿರೋದನ್ನು ಓದಿ, 'ಎಂಎಲ್' ಅಂತಿದೆಯೋ 'ಡಿಎಸ್‌ಬಿ' ಅಂತಿದೆಯೋ ನೋಡಿ. ಎಂಎಲ್‌ಗೆ ಮಲ್ಟಿ ಕೋಟಿಂಗ್ (ಗಾಜಿನ ಮೇಲೆ ಪ್ರತಿಫಲನ ತಡೆಯುವ ಹಲವು ಪದರ) ಇದೆ, ಎದುರು ಬೆಳಕಿಗೆ ಚೆನ್ನಾಗಿ ತಡೆಯುತ್ತೆ. ಡಿಎಸ್‌ಬಿ ಸಿಂಗಲ್ ಕೋಟಿಂಗ್, ಕಿಟಕಿ ಎದುರು ಹಿಡಿದರೆ ಚಿತ್ರ ತೊಳೆದ ಹಾಗಾಗುತ್ತೆ. ನೂರಿನ್ನೂರು ರೂಪಾಯಿಯ ರಬ್ಬರ್ ಹುಡ್ ಹಾಕಿದರೆ ಡಿಎಸ್‌ಬಿಯಲ್ಲೂ ನೆಮ್ಮದಿಯಾಗಿ ಕೆಲಸ ಮಾಡಬಹುದು. ಎಫ್/4ಕ್ಕೆ ಇಳಿಸಿದ ಮೇಲೆ ಎರಡರ ಚಿತ್ರವನ್ನೂ ಪಕ್ಕದಲ್ಲಿಟ್ಟು ಇದು ಯಾವುದು ಅಂತ ಹೇಳೋದು ಕಷ್ಟ.

ಈಗಿನ ಹುಡುಗರು ಹಳೇ ಲೆನ್ಸ್ ತಗೊಂಡು ಎಲ್ಲ ಫೋಟೋನೂ ಪೂರ್ತಿ ತೆರೆದೇ ತೆಗೀತಾರೆ. ಲೆನ್ಸಿನ ಮೈಮೇಲೆ ದೂರದ ಅಂಕಿಗಳ ಪಕ್ಕ ಎಫ್ ಅಂಕಿಗಳು ಎಡಕ್ಕೊಂದು ಬಲಕ್ಕೊಂದು ಕೆತ್ತಿರ್ತಾರಲ್ಲ, ಅದನ್ನು ಓದೋದು ಕಲೀರಿ. ಮದುವೆ ಮನೇಲಿ ಧಾರೆ ಎರೆಯೋ ಹೊತ್ತಿಗೆ ಕಣ್ಣಿಟ್ಟು ಫೋಕಸ್ ಮಾಡ್ತಾ ಕೂತರೆ ಕ್ಷಣ ಕೈತಪ್ಪುತ್ತೆ. ಎಫ್/8, ಮೂರು ಮೀಟರ್, ಫ್ಲ್ಯಾಶ್ ಅಂತ ಇಟ್ಟುಬಿಡ್ತಿದ್ವಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರನ್ನ ತೆಗೆಯೋಕೆ ಈಗಲೂ ನನ್ನ ಪದ್ಧತಿ ಅದೇ. 28 ಎಂಎಂ ಹಾಕಿ, ಎಫ್/8 ಇಟ್ಟು, ಫೋಕಸ್ ಐದು ಮೀಟರಿಗೆ ಕೂರಿಸಿದರೆ ಎ6000ದಂಥ ಸೆನ್ಸರಿನಲ್ಲಿ ಎರಡೂವರೆ ಮೀಟರಿಂದ ಕಣ್ಣು ಹಾಯುವಷ್ಟು ದೂರ ಎಲ್ಲ ಚೂಪಾಗಿರುತ್ತೆ. ಆಮೇಲೆ ಕೈ ರಿಂಗಿಗೆ ಹೋಗೋದೇ ಬೇಡ, ಕಣ್ಣು ಜನರ ಮೇಲಿದ್ದರೆ ಸಾಕು. ಒಂದು ವಿಷಯ: ಆ ಗೀಟುಗಳು ಫಿಲ್ಮಿನ ಲೆಕ್ಕಕ್ಕೆ ಕೆತ್ತಿದವು. ಸಣ್ಣ ಸೆನ್ಸರಿಗೆ ಒಂದು ಸ್ಟಾಪ್ ಬಿಗಿಯಾಗಿ ಓದಿ. ಎಫ್/8 ಇಟ್ಟಿದ್ದರೆ 5.6ರ ಗೀಟು ನೋಡಿ.

ಚಿಟ್ಟೆಪ್ರಿಯೆ · ಮಡಿಕೇರಿ

ಹುಳ-ಹುಪ್ಪಟೆ ಅಂದಿದ್ದನ್ನು ಯಾರೂ ಮುಟ್ಟಲೇ ಇಲ್ಲ, ನಾನು ಹೇಳ್ತೀನಿ. ಹಳೇ 50 ಎಂಎಂ ಲೆನ್ಸನ್ನು ತಿರುಗಿಸಿ ಹಾಕಿ, ಅಂದರೆ ಮುಂದಿನ ಗಾಜು ಸೆನ್ಸರಿನ ಕಡೆ. ಲೆನ್ಸಿನ ಫಿಲ್ಟರ್ ಅಳತೆಗೆ ಸೋನಿಯ ರಿವರ್ಸ್ ರಿಂಗ್ ಸಿಗುತ್ತೆ, ಕೆಲವೇ ನೂರು ರೂಪಾಯಿ. ಹೊಸ ಲೆನ್ಸುಗಳಲ್ಲಿ ಅಪರ್ಚರ್ ಕ್ಯಾಮೆರಾದಿಂದಲೇ ನಡೆಯುವುದರಿಂದ ತಿರುಗಿಸಿದರೆ ಅದು ಕೈಗೆ ಸಿಗೋದಿಲ್ಲ. ಹಳೇ ಲೆನ್ಸಿನಲ್ಲಿ ರಿಂಗ್ ಇದೆ, ಎಫ್/8 ಅಂತ ನೀವೇ ಇಡಬಹುದು. ನಿಮ್ಮ ಯಾಶಿಕಾದಲ್ಲಿ ಹಿಂದಿನ ಲಿವರ್ ಬಿಟ್ಟಾಗ ಬ್ಲೇಡ್ ಮುಚ್ಚುತ್ತೋ ತೆರೆಯುತ್ತೋ ನೋಡಿಕೊಳ್ಳಿ. ಅಡಾಪ್ಟರ್ ಇಲ್ಲದಾಗ ಆ ಲಿವರ್ ಹಿಡಿದಿಡೋರು ಯಾರೂ ಇರೋದಿಲ್ಲ.

ಹುಳದ ಬಹಳ ಹತ್ತಿರಕ್ಕೆ ಹೋಗಬಹುದು. ಅಷ್ಟು ಹತ್ತಿರ ಎಫ್/8ರಲ್ಲೂ ಬಹಳ ತೆಳು ಭಾಗ ಮಾತ್ರ ಚೂಪಾಗಿರುತ್ತೆ. ರಿಂಗ್ ತಿರುಗಿಸಿ ಫೋಕಸ್ ಮಾಡೋಕೆ ಹೋಗಬೇಡಿ. ಮೊಣಕೈ ಮಂಡಿಗೆ ಊರಿ, ಇಡೀ ಮೈಯನ್ನೇ ಮೆಲ್ಲಗೆ ಮುಂದೆ ತನ್ನಿ, ಹುಳದ ಕಣ್ಣಿನ ಮೇಲೆ ಪೀಕಿಂಗ್ ಗೆರೆ (ಫೋಕಸ್ ಆದ ಅಂಚಿಗೆ ಕ್ಯಾಮೆರಾ ತೋರಿಸುವ ಬಣ್ಣ) ಮಿನುಗಿದ ಕೂಡಲೇ ಕ್ಲಿಕ್ ಮಾಡಿ. ಅಡಿಕೆ ಹಿಂಗಾರ ಬಿಚ್ಚಿದಾಗ ಬೆಳಿಗ್ಗೆ ಬೇಗ ಹೋಗಿ ಕೂತರೆ ಜೇನು, ಇರುವೆ, ಸಣ್ಣ ಜೇಡ ಎಲ್ಲ ಒಂದೇ ಕಡೆ ಸಿಗ್ತವೆ. ತಂಪಿಗೆ ಅವು ಹೆಚ್ಚು ಓಡಾಡೋದೂ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಸ್ಟುಡಿಯೋ ಮುಚ್ತಿದ್ದಾರೆ ಅಂದರೆ ಡಾರ್ಕ್‌ರೂಮ್ ಇತ್ತಾ ಕೇಳಿ. ಎನ್‌ಲಾರ್ಜರ್ (ನೆಗೆಟಿವ್ ದೊಡ್ಡದು ಮಾಡಿ ಪ್ರಿಂಟ್ ಹಾಕುವ ಯಂತ್ರ) ಇದ್ದರೆ ಅದರ ಕೆಳಗೆ ಪುಟ್ಟ ಲೆನ್ಸೊಂದು ತಿರುಪಿನಲ್ಲಿ ಕೂತಿರುತ್ತೆ, ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರೋದಿಲ್ಲ. ಎಲ್-ನಿಕ್ಕೋರ್, ಷ್ನೈಡರ್ ಕಾಂಪೊನಾನ್ ಅಂತ ಹೆಸರಿದ್ದರೆ ಬಿಡಲೇಬೇಡಿ. ನೆಗೆಟಿವ್‌ನಿಂದ ಪ್ರಿಂಟ್ ಹಾಕೋಕೆ, ಹತ್ತಿರದ ಚಪ್ಪಟೆ ವಸ್ತುವಿಗಾಗಿಯೇ ಮಾಡಿದ ಗಾಜು ಅದು, ಮ್ಯಾಕ್ರೋಗೆ ಬಹಳ ಚೆನ್ನ. ಎಲ್-ನಿಕ್ಕೋರ್ 50 ಎಂಎಂ ಎಫ್/2.8ರ ತಿರುಪು 39 ಎಂಎಂ. ಅದರಲ್ಲಿ ಫೋಕಸ್ ರಿಂಗ್ ಇರೋದಿಲ್ಲವಾದ್ದರಿಂದ 39ರಿಂದ 42ಕ್ಕೆ ಒಂದು ರಿಂಗ್, 17–31 ಎಂಎಂ ಹೆಲಿಕಾಯ್ಡ್ (ತಿರುಗಿಸಿದರೆ ಉದ್ದವಾಗುವ ಕೊಳವೆ), ತೆಳು ಅಡಾಪ್ಟರ್, ಹೀಗೆ ಮೂರು ಸೇರಿಸಬೇಕು.

ತುಂಗಾತೀರ · ತೀರ್ಥಹಳ್ಳಿ

ಚಿಟ್ಟೆಪ್ರಿಯೆ ಅಕ್ಕ, ಫೋನ್ ಮಾಡಿ ಕೇಳಿದೆ. ಎನ್‌ಲಾರ್ಜರ್ ಇದೆಯಂತೆ, ಅಟ್ಟದ ಮೇಲಿದೆ! 50 ಎಂಎಂ 'ಎಂಎಲ್' ಅಂತಲೂ ಓದಿ ಹೇಳಿದರು. ಟಾರ್ಚ್ ಹಾಕಿ ನೋಡಿದಾಗ ಆ ಲೆನ್ಸ್ ಶುಭ್ರ ಇದೆಯಂತೆ. 135ರ ಒಳಗೆ ಒಂದು ಮೂಲೆಯಲ್ಲಿ ಎಳೆ ಎಳೆ ಕಾಣುತ್ತಂತೆ. ಅದನ್ನು ತೆಗೆಸಬಹುದಾ ರಿಪೇರಿ ಸರ್?

ರಿಪೇರಿ_ಹುಬ್ಬಳ್ಳಿ

ಮೂಲ್ಯಾಗ ಸ್ವಲ್ಪ ಅದ ಅಂದ್ರ ತೊಗೋರಿ, ಚಿಂತಿ ಇಲ್ಲ. 135ರ ಲೆನ್ಸಿನಾಗ ಗಾಜು ಕಡಿಮಿ, ಬಿಚ್ಚೂದು ಸಸಾರ. ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ಸಮ ಸಮ ಹಾಕಿ ಗಾಜಷ್ಟ ಒರೆಸ್ತೀವಿ, ಲೋಹಕ್ಕ ತಾಗಿಸಂಗಿಲ್ಲ. ಫಂಗಸ್ ಹೋಗತದ. ಭಾಳ ದಿನದಿಂದ ಕುಂತಿದ್ರ ಅದರ ಆಮ್ಲ ಕೋಟಿಂಗ್ ತಿಂದಿರತದ, ಆ ಗುರುತು ಉಳಿತದ. ಅದನ್ನ ಒರೆಸಿ ಒರೆಸಿ ಇನ್ನಷ್ಟು ಕೆಡಿಸಬಾರದು.

ನೀವೇ ಬಿಚ್ಚತೀರಿ ಅಂದ್ರ ಎರಡು ಮಾತು ಲಕ್ಷ್ಯದಾಗ ಇಡ್ರಿ. ಜಪಾನಿ ಲೆನ್ಸಿನ ಸ್ಕ್ರೂ ನೋಡಾಕ ನಮ್ಮ ಪ್ಲಸ್ ಸ್ಕ್ರೂ ಹಂಗ ಇರತಾವ, ಆದ್ರ ಅವು ಜೆಐಎಸ್ ಅಳತಿ. ಪೇಟಿ ಸ್ಕ್ರೂಡ್ರೈವರ್ ಹಾಕಿ ತಿರುವಿದ್ರ ತಲಿ ಕಿತ್ತು ಬರತದ. ಇನ್ನ ಫೋಕಸ್ ಥ್ರೆಡ್ ಬಿಚ್ಚೂ ಮುಂದ ಅದು ಯಾವ ಜಾಗಾದಾಗ ಬಿಟ್ಟು ಬಂತು ಅಂತ ಎರಡೂ ಭಾಗದ ಮ್ಯಾಲ ಗೀಟು ಹಾಕ್ರಿ, ಫೋಟೋ ಹೊಡ್ಕೋರಿ. ಆ ಥ್ರೆಡ್ಡಿಗೆ ಶುರು ಆಗೂ ಬಾಯಿ ನಾಕೈದು ಇರತಾವ. ಬ್ಯಾರೆ ಬಾಯಿಗೆ ಕೂಡಿಸಿದ್ರ ದೂರದ ಫೋಕಸ್ ಸಿಗಂಗೇ ಇಲ್ಲ.

ಎನ್‌ಲಾರ್ಜರ್ ಲೆನ್ಸ್ ತಿರುವಿ ತಗಿಯೂ ಮುಂದ ಗಡಬಡ ಮಾಡಬ್ಯಾಡ್ರಿ. ಅಟ್ಟದ ಧೂಳು ಮೊದ್ಲ ಬ್ರಷ್‌ಲೇ ಝಾಡಿಸಿ ಆಮ್ಯಾಲ ತಗೀರಿ.

ಎಲ್ಬೆದಂಡೆ · ಡ್ರೆಸ್ಡೆನ್, ಜರ್ಮನಿ

ಎಲ್-ನಿಕ್ಕೋರ್ ಸಿಕ್ಕರೆ ಒಂದು ಸಣ್ಣ ಉಪಾಯ. ಅದರ ಹೊಸ ಮಾದರಿಯಲ್ಲಿ ಕತ್ತಲಲ್ಲಿ ಅಪರ್ಚರ್ ಅಂಕಿ ಕಾಣಲಿ ಅಂತ ಬೆಳಕು ಬರುವ ಸಣ್ಣ ಕಿಟಕಿ ಇಟ್ಟಿರುತ್ತಾರೆ. ಕ್ಯಾಮೆರಾಗೆ ಹಾಕಿದಾಗ ಹೊರಗಿನ ಬೆಳಕು ಅದರಿಂದ ಒಳಗೆ ನುಗ್ಗುತ್ತೆ. ಕಪ್ಪು ಟೇಪ್ ಅಂಟಿಸಿ.

ಕಡಲಕರೆ · ಉಡುಪಿ

ಸೋನಿಯಲ್ಲಿ ಮೆನುಗೆ ಹೋಗಿ 'ಲೆನ್ಸ್ ಇಲ್ಲದೆ ಶಟರ್' ಅನ್ನುವುದನ್ನು ಆನ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಎಷ್ಟು ಒತ್ತಿದರೂ ಕ್ಲಿಕ್ ಆಗುವುದಿಲ್ಲ. ಫೋಕಸ್ ಪೀಕಿಂಗ್ ಕೆಂಪು ಬಣ್ಣ, ಮಿಡ್ ಮಟ್ಟ. ಪೀಕಿಂಗ್ ಒಂದನ್ನೇ ನಂಬಬೇಡಿ, ಎಫ್/2ರಲ್ಲಿ ಕಣ್ಣು, ಹುಬ್ಬು, ಕಿವಿ ಎಲ್ಲದರ ಮೇಲೂ ಕೆಂಪು ತೋರಿಸ್ತದೆ. ಒಂದು ಬಟನ್ನಿಗೆ ಮ್ಯಾಗ್ನಿಫೈ ಕೊಟ್ಟು, ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವವರೆಗೆ ರಿಂಗ್ ತಿರುಗಿಸಿ. ಎ6000ದ ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಇಲ್ಲ, 50 ಎಂಎಂಗೆ ಶಟರ್ 1/100ಕ್ಕಿಂತ ಕೆಳಗೆ ಇಳಿಸಬೇಡಿ.

ನಡು_ರಾತ್ರಿ · ತುಮಕೂರು

ಮಧ್ಯೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ. ಸೂಪರ್ ಟಾಕುಮಾರ್ 50 ಎಂಎಂ ಎಫ್/1.4 ಸಿಕ್ಕಿದೆ, ಗಾಜು ಚಹಾದ ಬಣ್ಣಕ್ಕೆ ತಿರುಗಿದೆ. ವಿಕಿರಣ ಇದೆ ಅಂತ ಹೆದರಿಸ್ತಿದ್ದಾರೆ. ಮನೇಲಿ ಚಿಕ್ಕ ಮಗು ಇದೆ.

ಪ್ರಿಸ್ಮ್ · ಬೆಂಗಳೂರು

ವಿಕಿರಣ ಇರೋದು ನಿಜ. ಗಾಜಿನ ವಕ್ರೀಭವನ ಹೆಚ್ಚಿಸೋಕೆ ಆಗ ಥೋರಿಯಂ ಆಕ್ಸೈಡ್ ಸೇರಿಸ್ತಿದ್ದರು. ಪ್ರಮಾಣ ಕಡಿಮೆ, ಕ್ಯಾಮೆರಾ ಮೇಲೆ ಹಾಕಿ ಬಳಸಿದರೆ ಭಯಪಡಬೇಕಾದ್ದಿಲ್ಲ. ಗಾಜನ್ನು ಉಜ್ಜಬೇಡಿ, ಒಡೆದರೆ ಪುಡಿ ಮುಟ್ಟಬೇಡಿ, ಕಣ್ಣಿಗೆ ಒತ್ತಿಹಿಡಿಯುವ ಭೂತಗನ್ನಡಿಯ ಹಾಗೆ ಬಳಸಬೇಡಿ. ಮಗುವಿನ ಕೈಗೆ ಆಟಕ್ಕೆ ಕೊಡೋದು, ಹಾಸಿಗೆ ಪಕ್ಕ ಇಡೋದು ಬೇಡ, ಡಬ್ಬಿಯಲ್ಲಿ ದೂರ ಇರಲಿ.

ಆ ಬಣ್ಣ ಬಂದಿರೋದೂ ವಿಕಿರಣದಿಂದಲೇ. ನೇರಳಾತೀತ ಬೆಳಕಿಗೆ ಹೋಗುತ್ತೆ. ಯುವಿ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಡಿ, ಒಂದು ಬದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿದರೆ ಬೆಳಕು ಮರಳಿ ಒಳಗೇ ಹೋಗುತ್ತೆ. ಬಿಸಿಲಿನಲ್ಲೂ ಆಗುತ್ತೆ, ಆದರೆ ಲೆನ್ಸ್ ಬಿಸಿಲನ್ನು ಒಂದು ಬಿಂದುವಿಗೆ ತಂದು ಬೆಂಕಿ ಹೊತ್ತಿಸಬಲ್ಲದು. ಬಟ್ಟೆ, ಮರ, ಕಾಗದದ ಮೇಲೆ ಇಟ್ಟು ಒಳಗೆ ಹೋಗಬೇಡಿ.

ಎರೆಹೊಲ · ಗದಗ

ನನ್ನ ಹತ್ರ ನಿಕಾನ್ ಡಿ5300 ಅದ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಾಗ ಹಳೇ ನಿಕ್ಕೋರ್ 50 ಎಂಎಂ ಎಫ್/2 ನೋಡೀನಿ. ಅಡಾಪ್ಟರ್ ಬೇಕಾಗತದೇನ್ರಿ?

ಪ್ರಿಸ್ಮ್ · ಬೆಂಗಳೂರು

ಬೇಡ, ನೇರವಾಗಿ ಕೂರುತ್ತೆ. ನಿಕಾನ್ ಎಫ್ ಮೌಂಟ್ 1959ರಿಂದ ಬಂದಿದೆ. 1977ರಲ್ಲಿ 'ಎಐ' ಅನ್ನುವ ಬದಲಾವಣೆ ತಂದರು. ಅಪರ್ಚರ್ ರಿಂಗಿನ ಮೇಲೆ ಮಾಮೂಲಿ ಅಂಕಿಗಳ ಜೊತೆ ಹಿಂದೆ ಇನ್ನೊಂದು ಸಾಲು ಪುಟ್ಟ ಅಂಕಿ ಇದ್ದರೆ ಅದು ಎಐ. ಡಿ5300ಕ್ಕೆ ಎರಡೂ ಪರವಾಗಿಲ್ಲ. ಡಿ7000 ಸಾಲಿನ ಕ್ಯಾಮೆರಾ ಇರೋರು ಮಾತ್ರ ಎಐಗಿಂತ ಹಳೇದನ್ನು ಹಾಕಬಾರದು, ಮೌಂಟಿನ ಪಕ್ಕದ ಪುಟ್ಟ ಲಿವರ್ ಮುರಿಯುತ್ತೆ.

ನಿಮ್ಮ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಕೆಲಸ ಮಾಡೋದಿಲ್ಲ. ಡಯಲ್ ಎಂಗೆ (ಮ್ಯಾನ್ಯುಯಲ್) ಇಡಿ, ಒಂದು ಫೋಟೋ ತೆಗೆದು ಹಿಸ್ಟೋಗ್ರಾಮ್ (ಚಿತ್ರದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡಿ ಶಟರ್ ಹೊಂದಿಸಿಕೊಳ್ಳಿ. ಫೋಕಸ್ ಸರಿಯಾದಾಗ ವ್ಯೂಫೈಂಡರ್ ಒಳಗೆ ಹಸಿರು ಚುಕ್ಕೆ ಹತ್ತುತ್ತೆ, ಅದು ಹಳೇ ಲೆನ್ಸಿಗೂ ನಡೆಯುತ್ತೆ. ಬಜಾರಿಗೆ ಕ್ಯಾಮೆರಾ ಬಾಡಿ ತಗೊಂಡೇ ಹೋಗಿ, ಹಾಕಿ ನೋಡದೆ ದುಡ್ಡು ಕೊಡಬೇಡಿ.

ತುಂಗಾತೀರ · ತೀರ್ಥಹಳ್ಳಿ

ಯಾಶಿಕಾ ಸೆಟ್ಟು ತಂದೆ. 50 ನಿಜಕ್ಕೂ ಶುಭ್ರ ಇದೆ, ಟಕ್ ಅಂತ ಬ್ಲೇಡ್ ಮುಚ್ಚುತ್ತೆ. ಎನ್‌ಲಾರ್ಜರ್ ಲೆನ್ಸ್ ಎಲ್-ನಿಕ್ಕೋರ್ 50 ಎಂಎಂ ಎಫ್/4, ಅದನ್ನು ಹಾಗೇ ಕೊಟ್ಟರು. ಅಡಾಪ್ಟರ್ ಆರ್ಡರ್ ಹಾಕಿದ್ದೀನಿ. 135ನ್ನು ಹುಬ್ಬಳ್ಳಿಗೆ ಕೊರಿಯರ್ ಮಾಡಬಹುದಾ ಸರ್? ಉಳಿದ ಲೆನ್ಸುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡೋಕೆ ಭಯ ಆಗ್ತಿದೆ.

ರಿಪೇರಿ_ಹುಬ್ಬಳ್ಳಿ

ಕಳಸ್ರಿ. ಒಂದೇ ಡಬ್ಬಿ ಬ್ಯಾಡ, ಅಲ್ಲಿತನಾ ಬ್ಯಾರೆ ಇಡ್ರಿ. ಪ್ಲಾಸ್ಟಿಕ್ ಚೀಲದಾಗ ಸಿಲಿಕಾ ಜೆಲ್ ಹಾಕಿ, ಎರಡೂ ಕ್ಯಾಪ್ ಹಚ್ಚಿ, ಫೋಕಸ್ ಅನಂತಕ್ಕ ತಿರುವಿ ಕಳಸ್ರಿ. ಉದ್ದ ಕಡಿಮಿ ಆಗತದ, ದಾರ್ಯಾಗ ಪೆಟ್ಟು ಬಿದ್ರೂ ಥ್ರೆಡ್ ಸೊಟ್ಟಾಗಂಗಿಲ್ಲ.